ಹುಳದ ಮನೆಯ ಕಾವು

ಈಗ ಬರೆಯಲು ಹೊರಟಿರುವುದರಲ್ಲಿ ನಡೆದದ್ದು ಎಷ್ಟು, ನಾನೇ ಆಮೇಲೆ ಸೇರಿಸಿಕೊಂಡದ್ದು ಎಷ್ಟು, ನನಗೆ ಗೊತ್ತಿಲ್ಲ. ಮೊನ್ನೆ ದೊಡ್ಡಬಳ್ಳಾಪುರದಲ್ಲಿ ಎಳನೀರಿನವನೊಬ್ಬ ಕಾಯಿಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸುತ್ತಿದ್ದ. ಆ ವಾಸನೆ ಮೂಗಿಗೆ ಬಿದ್ದದ್ದೇ ಎದುರುಮನೆ ಮಾವ ನೆನಪಾದರು...

ತೂಬಗೆರೆ ಕಡೆಯ ನಮ್ಮೂರಿನಲ್ಲಿ ಅವರು ರೇಷ್ಮೆಹುಳ ಸಾಕುತ್ತಿದ್ದರು. ಮನೆಗೆ ಅಂಟಿಕೊಂಡಂತೆ ಹುಳದ ಮನೆ. ಹುಳಕ್ಕೆ ಸೆಕೆಯೂ ಆಗಬಾರದು, ಚಳಿಯೂ ಆಗಬಾರದು. ಬೆಳಗಿನ ಜಾವ ಒಳಗೆ ಇದ್ದಿಲ ಒಲೆ ಇಡುತ್ತಿದ್ದರು. ಬಿಸಿಲೇರಿದ ಮೇಲೆ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಿದ್ದರು. ಹೊರಗೆ ಮಾತ್ರ ಸಂಕ್ರಾಂತಿ ಕಳೆದು ಶಿವರಾತ್ರಿ ಬರುವವರೆಗೆ ಬೆಳಿಗ್ಗೆ ಹಲ್ಲು ಕಟಕಟ, ಮಧ್ಯಾಹ್ನ ನೆತ್ತಿ ಸುಡುವ ಬಿಸಿಲು.

ಮಾವನಿಗೆ ಉಬ್ಬಸವಿತ್ತು. ಹುಳಕ್ಕೆ ಹಾಕುವ ಹಿಪ್ಪುನೇರಳೆ ಸೊಪ್ಪು ಬಾಡಬಾರದೆಂದರೆ ಮಂಜಿನಲ್ಲೇ ತೋಟಕ್ಕೆ ಹೋಗಿ ಕೊಯ್ಯಬೇಕು. ಹೊರೆ ಹೊತ್ತು ತಿರುಗಿ ಬರುವಾಗ ಅವರ ಎದೆಯ ಸುಯ್ ಸುಯ್ ನಮ್ಮ ಜಗಲಿಗೆ ಕೇಳುತ್ತಿತ್ತು. ಡಾಕ್ಟರು ಇನ್‌ಹೇಲರ್ ಕೊಟ್ಟು, ಚಳಿಯಿಂದ ಬಿಸಿಲಿಗೆ, ಬಿಸಿಲಿಂದ ಚಳಿಗೆ ಹೀಗೆ ಓಡಾಡಬೇಡಿ ಎಂದಿದ್ದರಂತೆ. ಹೊಲ ಇಟ್ಟುಕೊಂಡವನಿಗೆ ಹೇಳುವ ಮಾತೇ ಅದು?

ಒಂದು ವರ್ಷ ಉಬ್ಬಸ ತೀರಾ ಹೆಚ್ಚಾದಾಗ ಮಾವ ತಮ್ಮ ಮಂಚವನ್ನೇ ಹುಳದ ಮನೆಗೆ ಸಾಗಿಸಿಬಿಟ್ಟರು. ಸೊಪ್ಪಿಗೆ ಅತ್ತೆ ಹೋಗತೊಡಗಿದರು.

"ಹುಳದ ಜೊತೆ ಮಲಕ್ಕೊಂಡ್ರೆ ನೀವೂ ಗೂಡು ಕಟ್ತೀರಾ?" ಎಂದು ಅತ್ತೆ ಹಂಗಿಸಿದರು.

"ನಾನ್ ಕಟ್ಟಿದ್ ಗೂಡಲ್ಲೇ ಕಣೇ ನೀನಿರೋದು!"

ನಾನಾಗ ಎಂ.ಎಸ್ಸಿ. ಓದುತ್ತಿದ್ದೆ. ಮುಚ್ಚಿದ ಕೋಣೆಯ ಇದ್ದಿಲ ಹೊಗೆ, ಹುಳದ ಹಿಕ್ಕೆಯ ಧೂಳು ಎದೆಗೆ ಒಳ್ಳೆಯದಲ್ಲ ಎಂದು ಮಾವನಿಗೆ ವಿವರಿಸಿದೆ.

"ಹೊರಗಡೆ ಏನ್ ಒಳ್ಳೇದೈತೆ ಹೇಳಪ್ಪಾ? ಬೆಳಿಗ್ಗೆ ಊಟಿ, ಮಧ್ಯಾಹ್ನ ಬಳ್ಳಾರಿ. ದಿನಾ ಎರಡೂರು ತಿರುಗೋಕೆ ಈ ಎದೇಲಿ ದಮ್ಮಿಲ್ಲ."

ನಗುತ್ತಲೇ ಹೇಳಿದರು. ಆಮೇಲೆ ಉಸಿರು ಸುಧಾರಿಸಿಕೊಳ್ಳಲು ಮಂಚದ ಅಂಚು ಹಿಡಿದು ಕೂತರು. ಆ ದಿನಗಳಲ್ಲಿ ಅವರು ನಿಜಕ್ಕೂ ಚೇತರಿಸಿಕೊಂಡಿದ್ದರೋ, ಇಲ್ಲ ನಮಗಾಗಿ ಹಾಗೆ ಹೇಳುತ್ತಿದ್ದರೋ... ಎದೆಯ ಸದ್ದು ಕಡಿಮೆಯಾಗಿತ್ತು ಎಂದೇ ನನ್ನ ಅನ್ನಿಸಿಕೆ. ಅನ್ನಿಸಿಕೆ ಅಷ್ಟೇ.

ಆ ಚಳಿ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಅತ್ತೆಯ ಕೂಗು ಕೇಳಿ ಓಡಿದೆ. ಮಾವ ಆಗಲೇ ಹೋಗಿಬಿಟ್ಟಿದ್ದರು. ನನ್ನ ಕಣ್ಣಿಗೆ ಕಟ್ಟಿದಂತಿರುವ ಚಿತ್ರದಲ್ಲಿ ಅವರ ಮಂಚ ಹುಳದ ಮನೆಯಲ್ಲೇ ಇದೆ. ಸುತ್ತ ಹುಳಗಳು ಸೊಪ್ಪು ಮೇಯುವ ಚರಪರ ಸದ್ದು, ಇದ್ದಿಲಿನ ಘಾಟು. ಆ ಹೊಗೆ, ಆ ಧೂಳೇ ಅವರನ್ನು ತೆಗೆದುಕೊಂಡು ಹೋಯಿತು ಎಂದು ಇಷ್ಟು ವರ್ಷ ಕೇಳಿದವರಿಗೆಲ್ಲ ಹೇಳಿದ್ದೇನೆ. ಓದಿದವನ ಮಾತು, ಯಾರೂ ಎದುರಾಡಲಿಲ್ಲ.

ಮೊನ್ನೆ ಎಳನೀರಿನವನನ್ನು ದಾಟಿ ಊರಿಗೆ ಹೋದವನು ಅತ್ತೆಯ ಮುಂದೆ ಕೂತು ಆ ಬೆಳಿಗ್ಗೆಯ ಮಾತೆತ್ತಿದೆ. ಅವರು ಕಾಳು ಆರಿಸುತ್ತಿದ್ದ ಮೊರದಿಂದ ತಲೆ ಎತ್ತಿದರು.

"ಎಲ್ಲಿ ಹುಳ ಕಣಪ್ಪಾ ಆವಾಗ? ಗೂಡು ಮಾರ್ಕೊಂಡ್ ಬಂದು, ಬ್ಲೀಚಿಂಗ್ ಪುಡಿ ಹಾಕಿ ತೊಳ್ದು, ಬೀಗ ಹಾಕಿದ್ವಿ. ಇನ್ನೊಂದ್ ಬೆಳೆ ಹುಳ ಇಡಾಗಂಟ ಪಡಸಾಲೇಲಿ ಮಲಕ್ಕೊಳ್ಳಿ ಅಂದೆ. ಅಲ್ಲೇ ಜೀವ ಹೋಯ್ತು."

ನಾನು ನೋಡಿದ್ದು, ಕೇಳಿದ್ದು? ಹುಳವಿಲ್ಲದ ಮೇಲೆ ಸದ್ದೆಲ್ಲಿಂದ ಬಂತು? ಅತ್ತೆಗೂ ವಯಸ್ಸಾಗಿದೆ, ಮರೆತಿರಬಹುದು ಎಂದುಕೊಂಡೆ. ಅವರಿಗೆ ಮರಿಹುಳ ಕೊಡುತ್ತಿದ್ದವರು ಪಕ್ಕದೂರಿನಲ್ಲಿ ಇನ್ನೂ ಇದ್ದಾರೆ. ಅವರನ್ನೂ ಹೋಗಿ ಕೇಳಿದೆ. ತಾವು ತಿಥಿಯ ಊಟಕ್ಕೆ ಬಂದಾಗಲೇ ಅತ್ತೆ, ಮಾವ ಹೋಗುವ ಮೊದಲೇ ಹುಳದ ಮನೆ ಖಾಲಿಯಾಗಿತ್ತು, ಮುಂದಿನ ಬೆಳೆಗೆ ಮರಿ ಬೇಕೆಂದು ಹೇಳಿದ್ದು ಅವರಿಗೆ ಚೆನ್ನಾಗಿ ನೆನಪಿದೆಯಂತೆ.

ಮಾವನನ್ನು ಚಳಿ ತೆಗೆದುಕೊಂಡು ಹೋಯಿತೋ ಧೂಳೋ, ಈಗಲೂ ಹೇಳಲಾರೆ. ಹೇಳಿ ಆಗಬೇಕಾದ್ದೂ ಏನಿಲ್ಲ, ಅವರಿಲ್ಲ. ವಿಚಾರಿಸಿ ಖಚಿತಪಡಿಸಿಕೊಂಡದ್ದು ಇಷ್ಟೇ: ಆ ಬೆಳಿಗ್ಗೆ ಅವರ ಮನೆಯಲ್ಲಿ ಹುಳ ಇರಲಿಲ್ಲ, ಹಾಗಾಗಿ ಯಾರೂ ಇದ್ದಿಲ ಒಲೆ ಹಚ್ಚಿರಲಿಲ್ಲ.