ಮುನ್ನೂರು ಮರದ ಲೈಬಲ್

ಹುಲಗೋಳದ ನಾಗಪತಿ ಹೆಗಡೆಗೆ ಇದ್ದದ್ದು ಒಂದೇ ಕೊರಗು: ಹತ್ತು ವರ್ಷ ಕಾಡು ಉಳಿಸುವ ಚಳವಳಿ ಮಾಡಿದರೂ ಅವನ ಮೇಲೆ ಒಂದು ಕೇಸೂ ಬಿದ್ದಿರಲಿಲ್ಲ. ಯಲ್ಲಾಪುರದಲ್ಲಿ ರಸ್ತೆಗೆ ಅಡ್ಡ ಮಲಗಿದ್ದ. ಪೊಲೀಸರು ಎಬ್ಬಿಸಿ, ಚಹಾ ಕುಡಿಸಿ ಬಸ್ಸು ಹತ್ತಿಸಿದ್ದರು. ಸಿದ್ದಾಪುರದಲ್ಲಿ ಮೈಕು ಹಿಡಿದು ಮಂತ್ರಿಯಿಂದ ಗಾರ್ಡಿನವರೆಗೆ ಎಲ್ಲರನ್ನೂ ಕಳ್ಳರೆಂದಿದ್ದ; ಕೇಳಿದವರು ಮೈಕಿನ ಬಾಡಿಗೆ ವಿಚಾರಿಸಿದ್ದರು.

ಹಾಗಾಗಿ ೧೯೯೬ರಲ್ಲಿ ಸಿರಸಿಯ ಮುದ್ರಕ ಅಬ್ದುಲ್ ರಜಾಕ್ ವಕೀಲರ ನೋಟಿಸೊಂದನ್ನು ತೋರಿಸಿದಾಗ ನಾಗಪತಿಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಹೊಟ್ಟೆಕಿಚ್ಚು. 'ಕಾನಸೂರು ರಸ್ತೆಯ ಮುನ್ನೂರು ಮರ ನುಂಗಿದ ಗುತ್ತಿಗೆದಾರ ಅಂದಾನಪ್ಪನಿಗೆ ಧಿಕ್ಕಾರ' ಎಂಬ ಕರಪತ್ರ ಬರೆದವನು ನಾಗಪತಿ. ಅಂದಾನಪ್ಪನ ನೋಟಿಸು ಬಂದದ್ದು ರಜಾಕನಿಗೆ.

ಕಾರಣ ನಮ್ಮದೇ ಪದ್ಧತಿ. ನಾವೆಲ್ಲ ಇದ್ದ ಹೋರಾಟ ಸಮಿತಿಯ ಕರಪತ್ರಕ್ಕೆ ಯಾರೂ ಹೆಸರು ಹಾಕುತ್ತಿರಲಿಲ್ಲ. 'ನೊಂದ ನಾಗರಿಕರು' ಎಂದು ಮುಗಿಸಿ, ಅದನ್ನೇ ವಿನಯ ಎಂದುಕೊಳ್ಳುತ್ತಿದ್ದೆವು. ಕಾನೂನಿನ ಪ್ರಕಾರ ಅಚ್ಚಾಗಲೇಬೇಕಾದ ಹೆಸರು ಮುದ್ರಕನದೊಂದೇ.

"ನನ್ನ ಮಿಷನ್ನು ಯಾರಿಗೂ ಬೈದಿಲ್ಲ ಹೆಗಡೇರೆ," ರಜಾಕ್ ಹೇಳಿದ. "ಬೈದದ್ದು ನೀವು, ಉಡುಗೊರೆ ಬಂದದ್ದು ನನಗೆ. ಹದಿನೈದು ದಿನದಲ್ಲಿ ತಪ್ಪೊಪ್ಪಿಗೆ ಬೇಕಂತೆ, ಇಲ್ಲ ಕೋರ್ಟು. ವಾಯಿದೆಗೊಮ್ಮೆ ಬಾಗಿಲು ಹಾಕಿದ್ರೆ ಮದುವೆ ಕಾಗದ ಹೊಡೆಯೋದು ಯಾವಾಗ? ಬರೆದದ್ದು ಯಾರು ಅಂತ ಕೇಳಿದ್ರು. ನಾ ಹೇಳಿಲ್ಲ."

ಕೊನೆಯ ಮಾತು ನಾಗಪತಿಗೆ ನಾಟಿತು. ಇಬ್ಬರೂ ವಕೀಲ ವೆಂಕಟ್ರಮಣನ ಬಳಿ ಹೋದರು. ನೋಟಿಸಿನಲ್ಲಿ ಲೈಬಲ್ ಎಂಬ ಶಬ್ದಕ್ಕೆ ಅಡಿಗೆರೆ ಎಳೆದಿತ್ತು.

"ಹಂಗಂದ್ರೆ ಎಂತದಾ?" ನಾಗಪತಿ ಮನೆಮಾತಿನಲ್ಲಿ ಕೇಳಿದ.

"ಬರವಣಿಗೆಲಿ ಮಾಡಿದ ಮಾನಹಾನಿ. ಬಾಯಲ್ಲಿ ಮಾಡಿದ್ರೆ ಸ್ಲ್ಯಾಂಡರು. ಇದು ಇಂಗ್ಲಿಷರ ವಿಂಗಡಣೆ. ನಮ್ಮ ದಂಡಸಂಹಿತೆಲಿ ಎರಡೂ ಒಂದೇ ಕಲಮು."

"ಹಂಗಾರೆ ಆನು ಮೈಕಲ್ಲಿ ಅಷ್ಟು ಬೈದಿದ್ದಕ್ಕೆ ಎಂತಕ್ಕೆ ಒಂದು ಕೇಸೂ ಬಿದ್ದಿದ್ದಿಲ್ಲೆ?"

"ನಿನ್ನ ಭಾಷಣ ಯಾರಿಗೆ ನೆನಪಿದ್ದು ಮಾರಾಯ? ಕಾಗದ ಹಂಗಲ್ಲ. ಜಡ್ಜರ ಮೇಜಿನ ಮೇಲೆ ಕೂತ್ಕತ್ತು, ಏಳ್ತಿಲ್ಲೆ. ಬರದ್ದು ನಿಜ, ಊರ ಒಳ್ಳೇದಕ್ಕೇ ಬರದ್ದು ಹೇಳಿ ಕೋರ್ಟಲ್ಲಿ ತೋರ್ಸಿದ್ರೆ ಮಾತ್ರ ಬಚಾವು. ಮುನ್ನೂರು ಮರ ಎಣಿಸಿದ್ಯ?"

ನಾಗಪತಿ ಗೋಡೆಯ ಕ್ಯಾಲೆಂಡರು ನೋಡಿದ. ಚಳವಳಿಯಲ್ಲಿ ಯಾರು ಎಣಿಸುತ್ತಾರೆ? ನಲವತ್ತು ಜನ ಬಂದರೆ ನಾನೂರು, ನಾನೂರು ಬಂದರೆ ಜನಸಾಗರ.

ಮಾರನೆಯ ದಿನ ನಾಗಪತಿ, ರಜಾಕ್ ಇಬ್ಬರೂ ಕಾನಸೂರು ರಸ್ತೆಯಲ್ಲಿ ಕಡಿದ ಮರಗಳ ಬೊಡ್ಡೆ ಎಣಿಸಿದರು. ನಾಗಪತಿಗೆ ಐವತ್ತೊಂದು ಸಿಕ್ಕವು. ಹಾವಸೆ ಬೆಳೆದ ಹದಿಮೂರನ್ನು ರಜಾಕ್ ಕಳೆದ: "ಇವನ್ನ ಕಡಿದವರು ನಿಮ್ಮ ಅಜ್ಜನೇ ಇರಬೇಕು." ಉಳಿದ ಮೂವತ್ತೆಂಟರಲ್ಲಿ ಮೂವತ್ತಕ್ಕೆ ಕಡಿಯಲು ಒಪ್ಪಿದ ಅರಣ್ಯ ಇಲಾಖೆಯ ಮುದ್ರೆಯಿತ್ತು. ಕದ್ದು ಕಡಿದದ್ದು ಎಂಟು. ಬರೀ ಎಂಟಕ್ಕೆ ಧಿಕ್ಕಾರ ಕೂಗಲು ಗಂಟಲೇ ಏಳುವುದಿಲ್ಲ ಎನಿಸಿತು ನಾಗಪತಿಗೆ.

ಅಂದಾನಪ್ಪ ಹಾನಗಲ್ ಕಡೆಯವನು. ನಾಗಪತಿ ನೇರ ಅವನ ಮರ ಕೊಯ್ಯುವ ಸಾಮಿಲ್ಲಿಗೇ ಹೋಗಿ, ಬರೆದವನು ನಾನು, ಮುದ್ರಕನನ್ನು ಬಿಡಿ ಎಂದು ಎದೆ ಸೆಟೆಸಿ ನಿಂತ.

"ಬರ್ರಿ, ಕೂಡ್ರಿ," ಅಂದಾನಪ್ಪ ಕುರ್ಚಿ ಸರಿಸಿದ. "ಕಳ್ಳ ಅಂದದ್ದಕ್ಕ ನನಗ ಸಿಟ್ಟಿಲ್ರಿ. ಈ ಧಂದೆದಾಗ ದಿನಾ ಕೇಳ್ತೀನಿ. ಮುನ್ನೂರು ಅಂತ ಅಚ್ಚು ಹಾಕ್ಸಿದ್ರಲ್ಲ, ನನ್ನ ಪಾಲುದಾರರು ಆ ಹಾಳಿ ಹಿಡ್ಕೊಂಡು, ಉಳಿದ ಮರ ಎಲ್ಲಿ ಮುಚ್ಚಿಟ್ಟಿ ಅಂತ ಕುಂತಾರ. ನಾ ಎಲ್ಲಿಂದ ತರ್ಲಿ?"

"ಎಂಟು ಅಂತ ತಿದ್ದಿದ್ರೆ?"

ಅಂದಾನಪ್ಪ ಮೀಸೆ ತಿಕ್ಕಿದ. "ಎಂಟು ಇರ್ಲಿ. ದಂಡ ಕಟ್ಟಿ ಕೈ ತೊಳ್ಕೋತೀನಿ. ಆದ್ರ ಕೆಳಗ ನಿಮ್ಮ ಹೆಸರು ಬೇಕ್ರಿ. ನೊಂದ ನಾಗರಿಕರು ಅಂದ್ರ ನನ್ನ ಪಾಲುದಾರರು ನಂಬಂಗಿಲ್ಲ."

ತಿದ್ದುಪಡಿ ಎರಡೇ ಸಾಲು. ಅದರ ಕೆಳಗೆ ತನ್ನ ಹೆಸರು ಬರೆಯಲು ನಾಗಪತಿಗೆ ರಜಾಕನ ಅಂಗಡಿಯಲ್ಲಿ ಅರ್ಧ ತಾಸು ಹಿಡಿಯಿತು. ಎರಡು ಸಲ ಬರೆದು ಹೊಡೆದುಹಾಕಿದ. ಮೂರನೆಯ ಸಲ ರಜಾಕ್ ಹಾಳೆ ಕಸಿದುಕೊಂಡು ಅಚ್ಚಿನ ಮೊಳೆ ಜೋಡಿಸಲು ಕೂತ.

ನೋಟಿಸು ವಾಪಸಾಯಿತು, ಪ್ರೆಸ್ಸಿನ ಬಾಗಿಲು ತೆರೆದೇ ಉಳಿಯಿತು. ರಜಾಕ್ ಮಾತ್ರ, ಬರೆದವರ ಹೆಸರಿಲ್ಲದ ಕರಪತ್ರ ಇನ್ನು ಹೊಡೆಯುವುದಿಲ್ಲ ಎಂದು ಸಮಿತಿಗೆ ಹೇಳಿ ಕಳಿಸಿದ. ಮುಂದಿನ ಸಭೆಯಲ್ಲಿ ನಾಗಪತಿ ಆ ಮಾತು ಹೇಳಿ, ಈ ಸಲದ ಕರಪತ್ರಕ್ಕೆ ಯಾರ ಹೆಸರು ಎಂದು ಕೇಳಿದ. ಎಲ್ಲರಿಗೂ ಒಮ್ಮೆಲೇ ದನದ ಹಾಲು ಕರೆಯುವ ಹೊತ್ತಾಯಿತು. ದನವಿಲ್ಲದ ನಾವೂ ಎದ್ದು ಬಂದೆವು.