ಮಾತಾಡುವ ಗಾಡಿಗಳು, ಮಾತಾಡದ ಅಣ್ಣತಮ್ಮ

ಓಡುತ್ತಿರುವ ಗಾಡಿಗಳು ತಂತಿಯಿಲ್ಲದೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳಬೇಕು ಎಂಬುದು ನನ್ನ ಪಿಎಚ್.ಡಿ. ವಿಷಯ. ಮನುಷ್ಯರು ಮಾತು ಬಿಟ್ಟ ಮೇಲೆ ಗಾಡಿಗಳಾದರೂ ಆಡಲಿ ಎಂದು ಯಾರೋ ಪುಣ್ಯಾತ್ಮರು ಈ ಶಾಸ್ತ್ರ ಹುಟ್ಟಿಸಿರಬೇಕು. ಮುಂದಿನ ಗಾಡಿ ತೀರಾ ದೂರ ಹೋದರೆ ಅದರ ಸುದ್ದಿಯನ್ನು ನಡುವಿನ ಗಾಡಿ ಹಿಡಿದು ಹಿಂದಿನದಕ್ಕೆ ಮುಟ್ಟಿಸಬೇಕು, ತುಂಬಿದ ಬಸ್ಸಿನಲ್ಲಿ ಕೂಸನ್ನು ಕೈಯಿಂದ ಕೈಗೆ ದಾಟಿಸಿದ ಹಾಗೆ. ನನ್ನ ಕಂಪ್ಯೂಟರಿನಲ್ಲಿ ಇದೆಲ್ಲ ಸೊಗಸಾಗಿ ನಡೆಯುತ್ತಿತ್ತು. ಅಲ್ಲಿನ ರಸ್ತೆ ನೆಟ್ಟಗಿತ್ತು. ಯಾವ ಡ್ರೈವರನೂ ಎಲೆಯಡಿಕೆಯ ಕವಳ ಉಗಿಯಲು ನಿಲ್ಲಿಸುತ್ತಿರಲಿಲ್ಲ.

ಹುಬ್ಬಳ್ಳಿಯಲ್ಲಿದ್ದ ನನ್ನ ಗೈಡು ಫ್ಯಾನಿನ ಕೆಳಗೆ ಕೂತು, "ಒಮ್ಮೆ ಖರೇ ರಸ್ತೆ ಮ್ಯಾಲೆ ಮಾಡಿ ತೋರಸ್ರಿ" ಎಂದರು. ಶಿರಸಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ನಾನು ಯಲ್ಲಾಪುರದ ರಸ್ತೆ ಆರಿಸಿಕೊಂಡೆ. ಅಮ್ಮ ಕೇಳಿದಳು, "ನಿಂಗೆ ಬೇರೆ ಕೆಲಸ ಇಲ್ಯ ತಮಾ?"

ಇರಲಿಲ್ಲ. ಟೆಂಪೋ ಸ್ಟ್ಯಾಂಡಿಗೆ ಹೋಗಿ ಎರಡು ಗಾಡಿ ಗೊತ್ತು ಮಾಡಿದೆ. ಸಾಗಾಟದ ಕೆಲಸದಲ್ಲೇ ಬೆಳೆದ ಮನೆಯ ಅಣ್ಣತಮ್ಮಂದಿರ ಗಾಡಿಗಳು ಅವು. ಒಂದೇ ಮನೆಯವರಾದರೆ ಹೊಂದಾಣಿಕೆ ಇರುತ್ತದೆಂದು ನನ್ನ ಎಣಿಕೆ. ಅವರಿಬ್ಬರೂ ವರ್ಷಗಳಿಂದ ಮಾತು ಬಿಟ್ಟಿದ್ದಾರೆಂದು ಮುಂಗಡ ಕೊಟ್ಟ ಮೇಲೆ ತಿಳಿಯಿತು. ಕಾರಣ ಕೇಳಿದರೆ ಒಬ್ಬೊಬ್ಬ ಒಂದೊಂದು ಹೇಳುತ್ತಿದ್ದ.

ಅಣ್ಣ ಮುಂದೆ, ತಮ್ಮ ಹಿಂದೆ, ನಡುವೆ ನನ್ನ ಹಳೇ ಕಾರು. ಮೂರರಲ್ಲೂ ಒಂದೊಂದು ಪೆಟ್ಟಿಗೆ ಕೂರಿಸಿ ತಮ್ಮನಿಗೆ ವಿವರಿಸಿದೆ: "ಹಸಿರು ದೀಪ ಇದ್ದರೆ ನಿನ್ನ ಅಣ್ಣ ಸರಿಯಾಗಿ ಹೋಗ್ತಾ ಇದ್ದಾನೆ ಅಂತ. ಕೆಂಪು ಬಂದರೆ ಅವನ ಸುದ್ದಿ ಇಲ್ಲ ಅಂತ."

"ಅಣ್ಣ ಅಲ್ಲ ಸರ್, ಮುಂದಿನ ಗಾಡಿ ಅನ್ರಿ" ಎಂದ.

ಮಂಚಿಕೇರಿ ದಾಟುವವರೆಗೆ ವಿಜ್ಞಾನ ನಮ್ಮ ಕಡೆಗಿತ್ತು. ಆಮೇಲೆ ಕಾಡು, ತಿರುವು. ಅಣ್ಣನ ಟೆಂಪೋ ಒಂದು ತಿರುವಿನಲ್ಲಿ ಮರೆಯಾಯಿತು. ಪಕ್ಕದ ಸೀಟಿನಲ್ಲಿದ್ದ ಲ್ಯಾಪ್‌ಟಾಪಿನಿಂದಲೂ ಮರೆಯಾಯಿತು. ಸುದ್ದಿ ದಾಟಿಸಬೇಕಾದ ನನ್ನ ಪೆಟ್ಟಿಗೆಯ ಬಳಿ ದಾಟಿಸಲು ಏನೂ ಉಳಿಯಲಿಲ್ಲ. ಸಂಪರ್ಕ ಕಡಿದ ಜಾಗ ಸಿಕ್ಕಿತಲ್ಲ, ಪ್ರಬಂಧಕ್ಕೆ ಒಂದು ಪುಟವಾಯಿತು ಎಂದು ಹಿಗ್ಗುತ್ತಿದ್ದೆ. ಅಷ್ಟರಲ್ಲಿ ಹಿಂದಿದ್ದ ಟೆಂಪೋ ಹಾರ್ನ್ ಬಾರಿಸುತ್ತ ಅದೇ ತಿರುವಿನಲ್ಲಿ ನನ್ನನ್ನು ಸವರಿಕೊಂಡು ಮುಂದೆ ನುಗ್ಗಿತು. ನನ್ನ ಕಾರು ಚರಂಡಿಯ ಅಂಚಿಗೆ ಹೋಗಿ ನಿಂತಿತು.

ಸುಧಾರಿಸಿಕೊಂಡು ತಿರುವು ದಾಟಿದೆ. ರಸ್ತೆಗೆ ಅಡ್ಡವಾಗಿ ಒಂದು ಕಾಡುಕೋಣ ನಿಂತಿತ್ತು, ಊರಿಗೆಲ್ಲ ತಾನೇ ಪಟೇಲ ಎಂಬಂತೆ. ಅಣ್ಣ ಎಂಜಿನ್ ಬಂದ್ ಮಾಡಿ, ಅದು ಹೋಗಲೆಂದು ಕಾಯುತ್ತಿದ್ದ. ಅವನ ಬಾಗಿಲ ಹತ್ತಿರ ತಮ್ಮ ಏದುಸಿರು ಬಿಡುತ್ತ ನಿಂತಿದ್ದ.

"ಕ್ಯಾ ಹುವಾ ರೇ?" ಎಂದ ಅಣ್ಣ.

"ಕುಛ್ ನೈ" ಎಂದ ತಮ್ಮ. ಏನೂ ಇಲ್ಲವಂತೆ. ಸ್ಟಿಯರಿಂಗ್ ಮೇಲಿದ್ದ ಅಣ್ಣನ ಕೈಯನ್ನು ಒಮ್ಮೆ ಮುಟ್ಟಿ, ನನ್ನ ಕಡೆ ತಿರುಗಿದ. "ನಿಮ್ಮ ಪೆಟ್ಟಿಗೆ ಸುಳ್ಳು ಹೇಳ್ತದೆ ಸರ್. ಕೆಂಪು ಬಂದ ಕೂಡ್ಲೆ ನನ್ನ ಜೀವ ಬಾಯಿಗೆ ಬಂತು."

ಸಂಪರ್ಕ ಇಲ್ಲ ಎಂದರೆ ಅಪಾಯ ಎಂದೇನೂ ಅಲ್ಲ ಎಂದು ನಾನು ಪಾಠ ಶುರು ಮಾಡಿದೆ. ಇಬ್ಬರೂ ಕೇಳಲಿಲ್ಲ. ಕೋಣ ಹೊರಟು ಹೋದ ಮೇಲೂ ಗಾಡಿಗೆ ಒರಗಿ ಉರ್ದುವಿನಲ್ಲಿ ಮನೆಯ ಸುದ್ದಿ ಮಾತಾಡಿಕೊಳ್ಳುತ್ತಲೇ ಇದ್ದರು. ಯಲ್ಲಾಪುರ ಮುಟ್ಟುವವರೆಗೂ ಅಣ್ಣ ನಿಧಾನ ಹೋದ, ತಮ್ಮ ಅವನ ಬೆನ್ನಿಗೇ ಅಂಟಿಕೊಂಡ. ನಡುವಿನ ಗಾಡಿಗೆ ಜಾಗವೇ ಉಳಿಯದೆ ನಾನು ಕೊನೆಯವನಾದೆ. ಪ್ರಯೋಗ ಅಲ್ಲಿಗೆ ಕೆಟ್ಟಿತು.

ಗೈಡು ವರದಿ ಓದಿ ಆ ದಿನದ ಲೆಕ್ಕವನ್ನೆಲ್ಲ ಹೊಡೆದು ಹಾಕಿದರು. "ಡ್ರೈವರ್ ಹಿಂಗ ಮಾಡ್ತಾನಂತ ನಮ್ಮ ಮಾಡೆಲ್‌ನಾಗ ಇಲ್ಲಲ್ರೀ" ಎಂದರು. ಇರಲಿಲ್ಲ, ನಿಜ. ಕಂಪ್ಯೂಟರಿನ ನೆಟ್ಟಗಿನ ರಸ್ತೆಗೇ ವಾಪಸಾಗಿ, ಅದರ ಬಲದಿಂದಲೇ ಡಾಕ್ಟರ್ ಆದೆ.

ಮೊನ್ನೆ ಸ್ಟ್ಯಾಂಡಿನ ಎದುರು ಹಾಯುವಾಗ ಅಣ್ಣ ಕರೆದು ಚಹಾ ಹೇಳಿದ. ಸಕ್ಕರೆ ಹೆಚ್ಚಾಯಿತು, ಅಣ್ಣನಿಗೆ ಶುಗರ್ ಇದೆ ಎಂದು ತಮ್ಮ ಹೋಟೆಲಿನವನ ಮೇಲೆ ರೇಗಿದ. ನಿನಗೇಕೆ ಅದರ ಉಸಾಬರಿ ಎಂದು ಅಣ್ಣ ತಮ್ಮನ ಮೇಲೆ ರೇಗಿದ. ಅವರ ಜಗಳ ಮುಗಿಯುವಷ್ಟರಲ್ಲಿ ನನ್ನ ಚಹಾ ಆರಿತ್ತು.