ಎಸಿ ನೀರಿನ ಎಡ್ಮಂಡ್

ಎಡ್ಮಂಡನ ಬಗ್ಗೆ ಬಹರೈನಿನಲ್ಲಿ ಯಾರೂ ಕೆಟ್ಟ ಮಾತು ಆಡುವುದಿಲ್ಲ. ಆ ಕೆಲಸವನ್ನು ಹನ್ನೊಂದು ವರ್ಷಗಳಿಂದ ನಾನೊಬ್ಬನೇ ಮಾಡಿಕೊಂಡು ಬಂದಿದ್ದೇನೆ, ಮನಸ್ಸಿನಲ್ಲೇ. ಅವನು ಕಿನ್ನಿಗೋಳಿ ಕಡೆಯವನು, ನಾನು ಕಾರ್ಕಳದ ಚೆನ್ನು. ಸಿತ್ರಾದ ಸೋಲಾರ್ ಕಂಪನಿಯೊಂದರಲ್ಲಿ ಇಬ್ಬರೂ ಎಲೆಕ್ಟ್ರಿಷಿಯನ್‌ಗಳು. ಬೆಳಿಗ್ಗೆ ಕಂಪನಿ ಬಸ್ ಹತ್ತಿದರೆ ಡ್ರೈವರಿನಿಂದ ಕೊನೆಯ ಸೀಟಿನವರೆಗೆ ಎಲ್ಲರಿಗೂ ಅವನ ಸಲಾಂ. ಹೆಂಡತಿ ಫಿಲೊಮಿನಾ ಕಟ್ಟಿಕೊಟ್ಟ ಬುತ್ತಿಯಲ್ಲಿ ಅರ್ಧ ನನ್ನ ತಟ್ಟೆಗೆ. ಅದನ್ನು ತಿನ್ನುತ್ತಲೇ ನಾನು ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ಅವನಿಗೆ ಇಂಗ್ಲಿಷ್ ಬರುತ್ತದೆ, ಹಾಡಲು ಬರುತ್ತದೆ, ಸೂಪರ್‌ವೈಸರ್ ಕ್ರೇಗ್‌ನ ಜೋಕಿಗೆ ಸರಿಯಾದ ಹೊತ್ತಿಗೆ ನಗಲೂ ಬರುತ್ತದೆ. ನನಗೆ ಬರುವುದು ಕೆಲಸ ಮಾತ್ರ.

ಆ ಕೆಲಸದಲ್ಲಿ ನನ್ನದೇ ಆದ ಒಂದು ಉಪಾಯವಿತ್ತು. ಇಲ್ಲಿನ ಧೂಳು ವಾರದೊಳಗೆ ಸೋಲಾರ್ ಪ್ಯಾನೆಲ್‌ಗಳ ಮೇಲೆ ಹಿಟ್ಟಿನಂತೆ ಕೂರುತ್ತದೆ. ಟ್ಯಾಂಕಿನ ನೀರಿನಲ್ಲಿ ತೊಳೆದರೆ ಒಣಗಿದ ಮೇಲೆ ಬಿಳಿ ಉಪ್ಪಿನ ಕಲೆ. ಒಂದು ಬೆಳಿಗ್ಗೆ ಈಸಾ ಟೌನಿನ ಶಾಲೆಯೊಂದರ ತಾರಸಿಯಲ್ಲಿ ಎಸಿ ಪೈಪುಗಳಿಂದ ತೊಟ್ಟಿಕ್ಕುವ ನೀರು ಕಣ್ಣಿಗೆ ಬಿತ್ತು. ಅದರಲ್ಲಿ ಉಪ್ಪಿಲ್ಲ. ಡ್ರಮ್ಮಿನಲ್ಲಿ ಹಿಡಿದು, ಬಿಸಿಲು ಏರುವ ಮೊದಲು ತೊಳೆದೆ. ಒಂದು ಕಲೆಯೂ ಉಳಿಯಲಿಲ್ಲ. ಈಗ ನಮ್ಮ ಎಲ್ಲ ಸೈಟುಗಳಲ್ಲೂ ಹಾಗೆಯೇ ತೊಳೆಯುತ್ತಾರೆ. ಇದು ಚೆನ್ನು ಹೇಳಿಕೊಟ್ಟದ್ದು ಎಂದು ಯಾರೂ ಹೇಳುವುದಿಲ್ಲ.

ಹೋದ ವರ್ಷ ಇಲ್ಲಿನ ಒಂದು ಕ್ಲಬ್ಬಿನವರು ನಮ್ಮಂಥ ಕೆಲಸಗಾರರಲ್ಲಿ ಒಬ್ಬನನ್ನು ಎರಡು ವಾರ ನೈರೋಬಿಗೆ ಕಳಿಸುತ್ತೇವೆ ಎಂದರು. ಅಲ್ಲಿನ ತರಬೇತಿ ಕೇಂದ್ರಗಳಲ್ಲಿ ಸೋಲಾರ್ ಕೆಲಸ ನೋಡುವುದು, ನಮ್ಮದನ್ನು ಅವರಿಗೆ ತೋರಿಸುವುದು. ಕ್ರೇಗ್ ನಮ್ಮಿಬ್ಬರಿಗೂ ಒಂದೊಂದು ಫಾರ್ಮ್ ಕೊಟ್ಟ. ನಮ್ಮ ಕೆಲಸದಲ್ಲಿ ಹೊಸದೇನು ಎಂದು ಇಂಗ್ಲಿಷಿನಲ್ಲಿ ಅರ್ಧ ಪುಟ ಬರೆಯಬೇಕಿತ್ತು. ನೀನು ಹೇಳು, ನಾನು ಬರೆದುಕೊಡುತ್ತೇನೆ ಎಂದು ಎಡ್ಮಂಡನೇ ಬಂದ. ನಿನ್ನ ಉಪಕಾರ ಬೇಡ ಎಂದೆ. ನನ್ನ ಫಾರ್ಮ್ ಲಾಕರಿನಲ್ಲೇ ಉಳಿಯಿತು. ಅವನು ಎಸಿ ನೀರಿನ ಬಗ್ಗೆ ಬರೆದ, ಅವನೇ ಆಯ್ಕೆಯಾದ.

ಅವನ ವಿಮಾನ ತಪ್ಪಿಹೋಗಲಿ ಎಂದು ನಾನು ಬಯಸಿದೆ, ಹೇಳಲು ನಾಚಿಕೆಯಿಲ್ಲ. ತಪ್ಪಲಿಲ್ಲ. ನಾನು ನಲವತ್ತೆರಡು ಡಿಗ್ರಿಯಲ್ಲಿ ಬೇಯುತ್ತಿದ್ದಾಗ ಅವನು ಸ್ವೆಟರ್ ಹಾಕಿಕೊಂಡ ಫೋಟೊಗಳು ಬಂದವು. ಪ್ರತಿಯೊಂದಕ್ಕೂ ಹೆಬ್ಬೆರಳಿನ ಚಿತ್ರ ಕಳಿಸಿದೆ. ನನ್ನ ಉಪಾಯವನ್ನು ತನ್ನದೆಂದು ಹೇಳಿಕೊಂಡು ಮೆರೆಯುತ್ತಿದ್ದಾನೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

ವಾಪಸು ಬಂದ ಮರುದಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಕಥೆ ಹೇಳಿದ. ಮೊದಲೆಲ್ಲ ಬರೀ ಭಾಷಣವಂತೆ. ಕೊನೆಯ ದಿನ ಇನ್ನೊಂದು ಕೇಂದ್ರದ ತಾರಸಿಯಲ್ಲಿ ನಲವತ್ತು ಜನರ ಮುಂದೆ ತೊಳೆದು ತೋರಿಸಬೇಕಿತ್ತು. ಇವನು ಬಕೆಟ್ ಹಿಡಿದು ಎಸಿ ಪೈಪ್ ಎಲ್ಲಿ ಎಂದು ಕೇಳಿದ. ಇಡೀ ಕಟ್ಟಡದಲ್ಲಿ ಎಸಿಯೇ ಇಲ್ಲ. ತಂಪಿನ ಊರು, ಯಾರಿಗೆ ಬೇಕು? ಬ್ರಿಜಿಟ್ ಎಂಬ ಅಲ್ಲಿನ ಶಿಕ್ಷಕಿ ಮೂಲೆಯಲ್ಲಿದ್ದ ಕಪ್ಪು ಟ್ಯಾಂಕ್ ತೋರಿಸಿ, ನಾವು ಮಳೆನೀರಿನಲ್ಲಿ ತೊಳೆಯುತ್ತೇವೆ ಎಂದಳು. ನಲವತ್ತು ಜನರೂ ನಕ್ಕರು. ಮಳೆನೀರಿನಲ್ಲಿ ಉಪ್ಪಿಲ್ಲ ಎಂದು ತುಳುನಾಡಿನವನಿಗೆ ಯಾರಾದರೂ ಹೇಳಿಕೊಡಬೇಕೆ? ಆದರೆ ನಿಜ ಹೇಳಬೇಕೆಂದರೆ ನಾನಾಗಿದ್ದರೂ ಎಸಿಯನ್ನೇ ಹುಡುಕುತ್ತಿದ್ದೆ. ಇಷ್ಟು ವರ್ಷದಲ್ಲಿ ಮಳೆ ಎಂಬುದು ನಮ್ಮ ತಲೆಯಿಂದ ಹೋಗಿಬಿಟ್ಟಿತ್ತು.

ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಮಾನ ಹೋಗುವಾಗಲಾದರೂ ಉಪಾಯವನ್ನು ನನ್ನ ತಲೆಗೆ ಕಟ್ಟಿರುತ್ತಾನೆ ಎಂದುಕೊಂಡೆ. ಅವನ ಬಾಯಿಂದಲೇ ಅದನ್ನು ಕೇಳಬೇಕಿತ್ತು.

"ಆಗ ನನ್ನ ಹೆಸರು ಹೇಳಿದಿಯಾ?"

"ಬೇರೆ ಎಲ್ಲ ಕಡೆ ಹೇಳಿದ್ದೆ ಮಾರಾಯ," ಎಂದ ಎಡ್ಮಂಡ್. "ಫಾರ್ಮಲ್ಲಿ ಸಹ ನಿನ್ನ ಹೆಸರೇ ಉಂಟು. ಅಲ್ಲಿ ಮಾತ್ರ ಹೇಳ್ಲಿಲ್ಲ. ಅವರು ನಗಾಡ್ತಾ ಇದ್ರಲ್ಲ, ನಂದೇ ಐಡಿಯಾ ಅಂತ ಹೇಳಿದೆ."

ಇಷ್ಟು ಹೇಳಿ ಅವನು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ. ನನಗೆ ಮೊದಲಿಗಿಂತ ಹೆಚ್ಚು ಹೊಟ್ಟೆ ಉರಿಯುತ್ತಿತ್ತು. ಇಂಗ್ಲಿಷಾದರೆ ಎಲ್ಲಾದರೂ ಕಲಿಯಬಹುದು, ಇದನ್ನು ಎಲ್ಲಿ ಕಲಿಯುವುದು? ಆ ತಾರಸಿಯ ಮೇಲೆ ನಾನಿದ್ದಿದ್ದರೆ, ಮೊದಲ ನಗೆ ಕೇಳಿದ ಕೂಡಲೇ ಎಡ್ಮಂಡನ ಹೆಸರು ಹೇಳಿಬಿಡುತ್ತಿದ್ದೆ.